ಕಾಗದದಲ್ಲಿ ಎರಡು ವರ್ಷ ದೊಡ್ಡವಳು

ಸೆಲ್ಸಾಗೆ ಆರು ವರ್ಷ ಎಂದು ಹೇಳಿದವಳು ನಾನು. ಅವಳಿಗೆ ಆಗ ನಾಲ್ಕು. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹನ್ನೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತವಳಿಗೆ ಈಗ ಸುತ್ತಿ ಬಳಸಿ ಮಾತಾಡುವ ಯೋಗ್ಯತೆ ಉಳಿದಿಲ್ಲ.

ನನ್ನ ಹೆಸರು ನಿಕೋಲಾಸಾ. ಕೋಚಬಾಂಬಾ ಪಟ್ಟಣದ ದಕ್ಷಿಣಕ್ಕೆ, ಗುಡ್ಡದ ಬುಡದಲ್ಲಿರುವ ಹುಡುಗಿಯರ ಆಶ್ರಮದಲ್ಲಿ ಇಪ್ಪತ್ತಾರು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಎಲ್ಲರಿಗೂ ನಾನು ಚಿಕ್ಕಮ್ಮ. ಅಮ್ಮ ಎಂದು ಕರೆಸಿಕೊಳ್ಳಬಾರದು, ಮಕ್ಕಳು ಹಚ್ಚಿಕೊಂಡುಬಿಡುತ್ತವೆ ಎನ್ನುವುದು ಮೇಲಿನವರ ಕಟ್ಟಪ್ಪಣೆ. ಚಿಕ್ಕಮ್ಮ ಎಂದರೆ ಹಚ್ಚಿಕೊಳ್ಳುವುದಿಲ್ಲವಂತೆ. ಇಂಥ ಬುದ್ಧಿವಂತಿಕೆ ನಮ್ಮಲ್ಲಿ ಬೇಕಾದಷ್ಟಿದೆ.

ಆ ಇಬ್ಬರು ಅಕ್ಕತಂಗಿಯರನ್ನು ಪೊಲೀಸರು ಬಸ್ ನಿಲ್ದಾಣದಿಂದ ಕರೆತಂದರು. ಉತ್ತರ ಪೊತೋಸಿಯ ಗುಡ್ಡಗಾಡಿನಿಂದ ತಾಯಿ ಭಿಕ್ಷೆಗೆಂದು ಕರೆದುಕೊಂಡು ಬಂದಿದ್ದಳು, ಇಲ್ಲಿ ಜ್ವರ ಬಂದು ನಿಲ್ದಾಣದ ಗೋಡೆಗೆ ಒರಗಿಕೊಂಡೇ ಸತ್ತಿದ್ದಳು. ಜನನ ಪತ್ರ ಇಲ್ಲ, ಯಾವ ಚೀಟಿಯೂ ಇಲ್ಲ. ಮಕ್ಕಳಿಗೆ ಕೆಚುವಾ ಬಿಟ್ಟು ಬೇರೆ ಮಾತು ಬಾರದು. ವಯಸ್ಸು ಗೊತ್ತುಮಾಡಲು ಬಂದ ಸರ್ಕಾರಿ ಡಾಕ್ಟರಿಗೆ ಕೆಚುವಾ ಬಾರದು. ನನ್ನ ತಾಯಿ ಆ ಕಡೆಯವಳು, ಹಾಗಾಗಿ ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು.

ದೊಡ್ಡವಳು ರುಫೀನಾ, ಎಂಟು ಎಂದಳು. ಚಿಕ್ಕವಳು ಸೆಲ್ಸಾ, ನಾಲ್ಕು ಎಂದಳು, ಸ್ಪಷ್ಟವಾಗಿ, ಹೆಮ್ಮೆಯಿಂದ. ರುಫೀನಾಳ ಕೈ ತಂಗಿಯ ಶಾಲಿಗೆ ಸುತ್ತಿಕೊಂಡಿತ್ತು. ನಮ್ಮ ಆಶ್ರಮದಲ್ಲಿ ಆರು ತುಂಬಿದವರಿಗೆ ಮಾತ್ರ ಜಾಗ. ಅದಕ್ಕಿಂತ ಚಿಕ್ಕವರು ಊರಿನ ಆ ತುದಿಯಲ್ಲಿರುವ ಕೂಸುಗಳ ಮನೆಗೆ ಹೋಗಬೇಕು. ಹಿಂದಿನ ವರ್ಷವಷ್ಟೇ ಹೀಗೆ ಅಗಲಿಸಿದ ಒಂದು ಮಗು ಅಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ಹನ್ನೊಂದು ದಿನ ಊಟ ಬಿಟ್ಟಿದ್ದನ್ನು ನಾನೇ ನೋಡಿ ಬಂದಿದ್ದೆ.

"ಆರಂತೆ, ಡಾಕ್ಟ್ರೇ," ಎಂದೆ.

ಅವರು ಕನ್ನಡಕ ಏರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಆರಾ? ಇಷ್ಟೇ ಇದಾಳಲ್ಲಮ್ಮ."

"ಪೊತೋಸಿ ಕಡೆಯವು. ಹೊಟ್ಟೆಗಿಲ್ದೆ ಬೆಳೆದಿರೋವು. ಹಿಂಗೇ ಇರ್ತಾವೆ."

ಅವರು ತಲೆಯಾಡಿಸಿ ಬರೆದುಕೊಂಡರು. ಹಸಿವು ನಮ್ಮ ದೇಶದಲ್ಲಿ ಎಂಥ ಸುಳ್ಳಿಗೂ ಸಾಕ್ಷಿ ಹೇಳುತ್ತದೆ. ಕಾಗದ ಇಲ್ಲದ ಹುಡುಗಿಯರಿಗೆಲ್ಲ ನಮ್ಮಲ್ಲಿ ಹುಟ್ಟಿದ ದಿನ ಒಂದೇ, ಸೆಪ್ಟೆಂಬರ್ ಹದಿನಾಲ್ಕು, ಊರ ಹಬ್ಬದ ದಿನ. ಹೇಗೂ ಅವತ್ತು ರಜೆ, ಒಂದೇ ಕೇಕಿನಲ್ಲಿ ಎಲ್ಲರದ್ದೂ ಮುಗಿಯುತ್ತದೆ. ಸೆಲ್ಸಾಗೂ ಆ ದಿನವೇ ಸಿಕ್ಕಿತು, ಎರಡು ವರ್ಷ ಹಿಂದಿನ ಇಸವಿಯೊಂದಿಗೆ.

ಆ ಸಂಜೆ ಇಬ್ಬರೂ ಒಂದೇ ಮಂಚದಲ್ಲಿ ಒತ್ತಿಕೊಂಡು ಕೂತು ಸೂಪು ಕುಡಿಯುವುದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಾಡಿದ್ದು ತಪ್ಪು ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಇವತ್ತಿಗೂ ಆ ದಿನದ ಸುಳ್ಳಿಗಾಗಿ ನಾನು ಪಶ್ಚಾತ್ತಾಪ ಪಡುವುದಿಲ್ಲ. ಪಶ್ಚಾತ್ತಾಪ ಇರುವುದು ಆಮೇಲಿನದಕ್ಕೆ.

ಆಶ್ರಮದಲ್ಲಿ ಆರು ವರ್ಷದವಳು ಏನು ಮಾಡಬೇಕೋ ಅದನ್ನೆಲ್ಲ ಸೆಲ್ಸಾ ಮಾಡಬೇಕಾಯಿತು. ತನ್ನ ಹಾಸಿಗೆ ತಾನೇ ಮಡಿಚಬೇಕು. ಬೂಟಿನ ಲಾಡಿ ತಾನೇ ಕಟ್ಟಬೇಕು. ಒದ್ದೆ ಮಾಡಿಕೊಂಡರೆ ಹೊದಿಕೆಯನ್ನು ತಾನೇ ಒಗೆದು, ಎಲ್ಲರಿಗೂ ಕಾಣುವಂತೆ ಅಂಗಳದ ಹಗ್ಗದ ಮೇಲೆ ಹಾಕಬೇಕು. ಅವಳು ದಿನಾ ಒದ್ದೆ ಮಾಡಿಕೊಳ್ಳುತ್ತಿದ್ದಳು. ನಾಲ್ಕು ವರ್ಷದ ಕೂಸು, ತಾಯಿ ಸತ್ತು ತಿಂಗಳಾಗಿಲ್ಲ, ಇನ್ನೇನು ಮಾಡೀತು? ಜೂನ್ ತಿಂಗಳ ಚಳಿಯಲ್ಲಿ, ನಲ್ಲಿಯ ನೀರು ಬೆರಳು ಕಚ್ಚುವಾಗ, ಆ ಹೊದಿಕೆ ಒಗೆಸಿದವಳು ನಾನೇ. ಒಬ್ಬಳಿಗೆ ಬಿಟ್ಟರೆ ಉಳಿದವರು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಏನೆಂದರೆ, ಒಬ್ಬಳಿಗೆ ಬಿಟ್ಟರೆ ಯಾಕೆ ಬಿಟ್ಟೆ ಎಂದು ಮೇಲಿನವರು ಕೇಳುತ್ತಾರೆ ಎನ್ನುವ ಹೆದರಿಕೆ.

ಶಾಲೆಗೂ ಹಾಕಿದರು. ಪೆನ್ಸಿಲು ಹಿಡಿಯಲು ಬಾರದು, ಅರ್ಧ ಗಂಟೆ ಕೂರಲಾರಳು, ಬೆಂಚಿನ ಕೆಳಗೆ ನುಸುಳಿ ನಿದ್ದೆ ಹೋಗುತ್ತಿದ್ದಳು. ಟೀಚರು ಅವಳನ್ನು ಕರಿಹಲಗೆಯ ಪಕ್ಕ ಮೊಣಕಾಲೂರಿಸಿ, ಇದು ತಲೆ ಇಲ್ಲದ ಪಿಂಡ ಎನ್ನುತ್ತಿದ್ದಳು. ಒಂದನೇ ತರಗತಿಯಲ್ಲಿ ಎರಡು ಸಲ ನಪಾಸು. ಮೂರನೇ ಸಲ ಕೂರಿಸಿದಾಗ, ಅಂದರೆ ನಿಜವಾಗಿ ಆರು ತುಂಬಿದಾಗ, ಮೂರೇ ತಿಂಗಳಲ್ಲಿ ಓದಲು ಕಲಿತಳು. ಅಂಗಡಿಗಳ ಹಲಗೆ, ಬಿಸ್ಕತ್ತಿನ ಪೊಟ್ಟಣ, ಔಷಧಿ ಬಾಟಲಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿಕೊಂಡು ಓಡಾಡಿದಳು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಡತದಲ್ಲಿ ಅಷ್ಟು ಹೊತ್ತಿಗೆ ಮಂದಬುದ್ಧಿ ಎಂದು ಬರೆದಾಗಿತ್ತು.

ಅದೇ ವರ್ಷ ಅವರ ಸೋದರಮಾವ ಬಂದ. ಊರ ಮುಖಂಡನ ಸಹಿ ಇರುವ ಪತ್ರ ಹಿಡಿದುಕೊಂಡು, ಟೋಪಿ ಕೈಯಲ್ಲಿ ತಿರುವುತ್ತ ಕಚೇರಿಯಲ್ಲಿ ನಿಂತಿದ್ದ. ದೊಡ್ಡವಳನ್ನು ಕರೆದುಕೊಂಡು ಹೋಗುತ್ತೇನೆ, ಹೆಂಡತಿ ಬಸುರಿ, ಮನೆಯಲ್ಲಿ ಕೈಯಾಸರೆ ಬೇಕು ಎಂದ. ಚಿಕ್ಕವಳು ಬೇಡವಂತೆ. ಅವನಿಗೂ ಕೆಚುವಾ ಮಾತ್ರ. ಮತ್ತೆ ನಡುವೆ ನಾನು.

ನಮ್ಮ ಮೇಲ್ವಿಚಾರಕಿ ದೋನ್ಯಾ ಎರ್ಲಿಂದಾ ಚಿಕ್ಕವಳನ್ನು ಯಾಕೆ ಬಿಡುತ್ತೀಯ ಎಂದು ನನ್ನ ಕೈಲಿ ಕೇಳಿಸಿದರು. ಅವನು ಸೆಲ್ಸಾಳ ಕಡೆ ನೋಡಿ, ಇದು ನಮ್ಮಪ್ಪ ಸತ್ತ ವರ್ಷ ಬಿತ್ತನೆ ಹೊತ್ತಿಗೆ ಹುಟ್ಟಿದ್ದು, ಈಗಿನ್ನೂ ಆರು, ಇದರಿಂದ ಏನು ಕೆಲಸ ಆದೀತು ಎಂದ. ನಾನು ಆ ಮಾತನ್ನು ಅರ್ಧ ಮಾತ್ರ ದಾಟಿಸಿದೆ. "ಚಿಕ್ಕವಳು, ಕೆಲಸಕ್ಕಾಗಲ್ಲ ಅಂತಾನೆ," ಎಂದೆ. ಆರು ಎನ್ನುವುದನ್ನು ನುಂಗಿಬಿಟ್ಟೆ.

ಯಾಕೆ ನುಂಗಿದೆ? ಅವಳು ಆಗ ನಿಜಕ್ಕೂ ಆರು ತುಂಬಿದವಳು. ಕೂಸುಗಳ ಮನೆಗೆ ಕಳಿಸುವ ಭಯ ಇರಲಿಲ್ಲ. ಅಕ್ಕ ಹೇಗೂ ಹೊರಟಿದ್ದಳು, ಯಾರಿಂದ ಯಾರನ್ನೂ ಉಳಿಸಬೇಕಾಗಿರಲಿಲ್ಲ. ಅವತ್ತು ಬಾಯಿ ಬಿಟ್ಟಿದ್ದರೆ ಸೆಲ್ಸಾಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ, ಎರಡು ವರ್ಷ ವಾಪಸು ಸಿಗುತ್ತಿತ್ತು ಅಷ್ಟೆ. ಕಳೆದುಕೊಳ್ಳಬೇಕಾದವಳು ನಾನು. ಸುಳ್ಳು ಹೇಳಿ ಸರ್ಕಾರಿ ಕಾಗದ ಬರೆಸಿದ ಚಿಕ್ಕಮ್ಮನನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಮೊದಲ ಸುಳ್ಳು ಮಗುವಿಗಾಗಿ. ಎರಡನೆಯದು ನನ್ನ ಅನ್ನಕ್ಕಾಗಿ. ರುಫೀನಾ ಮಾವನ ಹಿಂದೆ ಹೋದಳು, ಆಮೇಲೆ ಅವಳ ಸುದ್ದಿ ಇಲ್ಲ.

ಅಕ್ಕ ಹೋದ ಮೇಲೆ ಸೆಲ್ಸಾ ನನ್ನ ಸೆರಗು ಹಿಡಿದಳು. ಅಡಿಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಆಲೂಗೆಡ್ಡೆ ಸುಲಿಯುವಳು, ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವಳು. ಏನು ಹೇಳಿದರೂ ಮೊದಲು "ನಂಗೆ ತಲೆ ಓಡಲ್ಲ ಚಿಕ್ಕಮ್ಮ" ಎಂದುಬಿಟ್ಟು, ಆಮೇಲೆ ಹೇಳಿದ್ದನ್ನು ಸರಿಯಾಗೇ ಮಾಡುವಳು. ಬೇರೆ ಮಕ್ಕಳು ಹೆಸರಿನ ಜೊತೆ ಅಪ್ಪನ ಹೆಸರು ಹೇಳುವ ಹಾಗೆ ಇವಳು ಇದನ್ನು ಹೇಳುತ್ತಿದ್ದಳು. ನಾನು ಎದುರಿಗೇ ಇರುತ್ತಿದ್ದೆ. ಅಲ್ಲ ಕಣೇ, ನಿನ್ನ ತಲೆ ಚೆನ್ನಾಗೇ ಓಡುತ್ತದೆ ಎಂದು ಒಂದು ಸಲವಾದರೂ ಹೇಳಿದೆನೇ? ಹೇಳಿದರೆ ಹೇಗೆ ಗೊತ್ತು ಎಂದು ಕೇಳಿಯಾಳು ಎಂಬ ದಿಗಿಲು.

ಒಂದನೇ ತರಗತಿಯಲ್ಲಿ ಗಟ್ಟಿಯಾಗಿ ಕಲಿಯುತ್ತಿದ್ದವಳನ್ನು, ಇಷ್ಟು ದೊಡ್ಡ ಹುಡುಗಿ ಚಿಕ್ಕವರ ಜೊತೆ ಕೂರಬಾರದು ಎಂದು ಎರಡು ತರಗತಿ ಮೇಲೆ ಎತ್ತಿ ಹಾಕಿದರು. ವಯಸ್ಸಿಗೆ ತಕ್ಕ ತರಗತಿ ಎನ್ನುವ ಹೊಸ ಯೋಜನೆಯಂತೆ. ಅಲ್ಲಿಗೆ ಮತ್ತೆ ಹಿಂದೆ ಬಿದ್ದಳು. ಹನ್ನೆರಡಾಯಿತು, ಇನ್ನೂ ಗೊಂಬೆ ಆಡುತ್ತಾಳೆ ಎಂದು ದೋನ್ಯಾ ಎರ್ಲಿಂದಾ ಅವಳ ಬಟ್ಟೆ ಗೊಂಬೆಯನ್ನು ನನ್ನ ಕೈಯಿಂದಲೇ ಕಿತ್ತುಕೊಳ್ಳಿಸಿದರು. ಅವಳಿಗೆ ಹತ್ತು. ಹದಿನೈದು ತುಂಬಿದ ಹುಡುಗಿಯರಿಗೆ ಪ್ರತಿವರ್ಷ ಬಿಳಿ ಗೌನು ತೊಡಿಸಿ ಕುಣಿಸುತ್ತೇವಲ್ಲ, ಆ ಹಬ್ಬದಲ್ಲಿ ಅವಳ ಗೌನಿನ ಎದೆ ಜೋತುಬಿದ್ದಿತ್ತು. ನಾನು ಒಳಗೆ ಎರಡು ಕರವಸ್ತ್ರ ತುರುಕಿ ಪಿನ್ನು ಹಾಕಿದೆ. ಮುಟ್ಟಾದದ್ದು ಅದಾಗಿ ನಾಲ್ಕು ತಿಂಗಳಿಗೆ. ತಡ ಎಂದು ಅದನ್ನೂ ಬರೆದುಕೊಂಡರು.

ಬರೆದುಕೊಂಡವಳು ನೈದಾ ಮೇಡಂ. ಆಶ್ರಮಕ್ಕೆ ವಾರಕ್ಕೆ ಎರಡು ದಿನ ಬರುವ ಮನಶ್ಶಾಸ್ತ್ರದವಳು. ಕೆಟ್ಟವಳಲ್ಲ, ಮಕ್ಕಳ ಹೆಸರು ನೆನಪಿಟ್ಟುಕೊಳ್ಳುತ್ತಾಳೆ, ಬರುವಾಗ ಮಿಠಾಯಿ ತರುತ್ತಾಳೆ. ಆದರೆ ಕಣ್ಣೆದುರಿನ ಮಗುವಿಗಿಂತ ಕಡತದ ಮಗುವಿನ ಮೇಲೆ ಅವಳಿಗೆ ನಂಬಿಕೆ ಹೆಚ್ಚು. ಗಮನ ಕೂಡಲಿ ಎಂದು ಸೆಲ್ಸಾಗೆ ಡಾಕ್ಟರಿಂದ ಮಾತ್ರೆ ಬರೆಸಿಕೊಟ್ಟಳು. ಎರಡು ವರ್ಷ ಆ ಮಗು ಬೆಳಗಿನ ಬ್ರೆಡ್ಡಿನ ಜೊತೆ ಮಾತ್ರೆ ನುಂಗಿ, ಮಧ್ಯಾಹ್ನದವರೆಗೆ ಬಾಯಿ ಒಣಗಿಸಿಕೊಂಡು ಕೂರುತ್ತಿತ್ತು. ಮಾತ್ರೆ ಎಣಿಸಿ ಕೊಡುತ್ತಿದ್ದವಳು ನಾನು.

ಹೋದ ವರ್ಷ, ಸೆಲ್ಸಾಗೆ ಕಾಗದದಲ್ಲಿ ಹದಿನೇಳು ಇರುವಾಗ, ನಮಗೆಲ್ಲ ಮೂರು ಶನಿವಾರ ತರಬೇತಿ ಇಟ್ಟರು. ಮಕ್ಕಳ ಮತ್ತು ಹದಿಹರೆಯದವರ ಬೆಳವಣಿಗೆಯನ್ನು ಅರಿಯುವುದು ಹೇಗೆ ಎಂದು. ಹೇಳಿಕೊಡುವವಳು ನೈದಾ ಮೇಡಂ. ಹತ್ತೂವರೆಗೆ ಒಬ್ಬೊಬ್ಬರಿಗೆ ಒಂದು ಬಿಸಿ ಸಾಲ್ತೇನ್ಯಾ, ರಸ ತುಂಬಿದ ಮಾಂಸದ ಕಡುಬು. ನಾವು ಹದಿನಾಲ್ಕು ಜನ ಚಿಕ್ಕಮ್ಮಂದಿರು ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ರಸ ಸೋರದ ಹಾಗೆ ಅದನ್ನು ತಿನ್ನುತ್ತ ಕೂತಿದ್ದೆವು.

ಗೋಡೆಯ ತುಂಬ ಒಂದು ಪಟ ತೂಗುಹಾಕಿದ್ದಳು. ಅಡ್ಡಕ್ಕೆ ವಯಸ್ಸು, ಒಂದರಿಂದ ಹದಿನೆಂಟರವರೆಗೆ. ಉದ್ದಕ್ಕೆ ಮೈ, ಮಾತು, ಕಲಿಕೆ, ಆಟ, ಗೆಳೆತನ, ಭಾವನೆ. ಯಾವ ವಯಸ್ಸಿಗೆ ಮಗು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಒಂದೊಂದು ಮನೆಯಲ್ಲಿ ಬರೆದಿತ್ತು. ನಾಲ್ಕರ ಮಗು ಒದ್ದೆ ಮಾಡಿಕೊಂಡರೆ ಅದು ತಪ್ಪಲ್ಲ ಎಂದಿತ್ತು. ಆರಕ್ಕೆ ಹಾಲುಹಲ್ಲು ಬೀಳುತ್ತದೆ ಎಂದಿತ್ತು. ಹತ್ತಕ್ಕೆ ಗೊಂಬೆ ಆಡುವುದು ಸಹಜ ಎಂದಿತ್ತು. ಇಪ್ಪತ್ತೈದು ವರ್ಷ ಮಕ್ಕಳನ್ನು ಸಾಕಿದ ಮೇಲೆ ನಮಗೆ ಇದನ್ನು ತೋರಿಸಬೇಕು ಎಂದು ಯಾರಿಗೋ ಹೊಳೆದಿತ್ತು.

ಒಬ್ಬೊಬ್ಬರೂ ತಾವು ಸಾಕಿದ ಒಂದು ಹುಡುಗಿಯನ್ನು ಆರಿಸಿಕೊಂಡು, ಅವಳು ಯಾವುದನ್ನು ಯಾವಾಗ ಮಾಡಿದಳು ಎಂದು ನೆನಪು ಮಾಡಿಕೊಂಡು ಪಟದ ಮೇಲೆ ಬಣ್ಣದ ಚುಕ್ಕಿ ಅಂಟಿಸಬೇಕು. ನನ್ನ ಪಾಲಿಗೆ ಸೆಲ್ಸಾ ಎಂದು ನೈದಾ ಮೇಡಂ ತಾನೇ ಹೇಳಿದಳು. ನಾನು ಎದ್ದು ಹೋಗಿ ಅಂಟಿಸುತ್ತ ಬಂದೆ. ಹಾಸಿಗೆ ಒಣಗಿದ್ದು, ಲಾಡಿ ಕಟ್ಟಿದ್ದು, ಮೊದಲ ಹಲ್ಲು ಬಿದ್ದಾಗ ಇಲಿ ಒಯ್ದು ಕಾಸಿಡಲಿ ಎಂದು ದಿಂಬಿನಡಿ ಇಟ್ಟದ್ದು, ಓದಿದ್ದು, ಮೊದಲ ಗೆಳತಿ, ಮುಟ್ಟು. ಒಂದೂ ಮರೆತಿರಲಿಲ್ಲ. ಎಲ್ಲ ಚುಕ್ಕಿಗಳೂ ಇರಬೇಕಾದ ಮನೆಗಿಂತ ಸರಿಯಾಗಿ ಎರಡು ಮನೆ ಬಲಕ್ಕೆ ಬಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಚುಕ್ಕಿಗಳನ್ನು ಮನಸ್ಸಿನಲ್ಲೇ ಎರಡೆರಡು ಮನೆ ಎಡಕ್ಕೆ ಸರಿಸಿ ನೋಡಿದೆ. ಹನ್ನೊಂದು ವರ್ಷ ದಡ್ಡಿ ಎನ್ನಿಸಿಕೊಂಡ ಮಗು ಒಂದೇ ಒಂದು ದಿನಕ್ಕೂ ತಡ ಮಾಡಿರಲಿಲ್ಲ. ಅಮ್ಮ ಇಲ್ಲದೆ, ಅಕ್ಕ ಇಲ್ಲದೆ, ಎಲ್ಲರ ಕೈಲೂ ಬೈಸಿಕೊಳ್ಳುತ್ತ, ಆಯಾ ವಯಸ್ಸಿಗೆ ಆಯಾ ಕೆಲಸ ಮುಗಿಸುತ್ತ ಬಂದಿತ್ತು. ಪಟದ ಅಂಚು ಹಿಡಿದುಕೊಂಡೆ.

"ನೋಡಿ," ಎಂದಳು ನೈದಾ ಮೇಡಂ ಎಲ್ಲರಿಗೂ, "ನಿಕೋಲಾಸಾ ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದಾರೆ. ಪ್ರತಿಯೊಂದ್ರಲ್ಲೂ ಎರಡೆರಡು ವರ್ಷ ಹಿಂದೆ. ಬುದ್ಧಿಮಾಂದ್ಯ ಅಂದ್ರೆ ಇದೇ. ಇಷ್ಟು ಸ್ಪಷ್ಟವಾದ ಉದಾಹರಣೆ ನಿಮಗೆ ಪುಸ್ತಕದಲ್ಲೂ ಸಿಗಲ್ಲ."

ಚಿಕ್ಕಮ್ಮಂದಿರು ಚಪ್ಪಾಳೆ ತಟ್ಟಿದರು. ಹಾಲುಹಲ್ಲಿಗೂ ಬುದ್ಧಿಮಾಂದ್ಯ ಬರುತ್ತದೆಯೇ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೋಗಿ ಕೂತು ತಣ್ಣಗಾದ ಸಾಲ್ತೇನ್ಯಾ ತಿಂದು ಮುಗಿಸಿದೆ. ನನ್ನನ್ನು ನಾನು ಎಷ್ಟು ಬೈದುಕೊಂಡರೂ ಆ ತಿಂದದ್ದು ಮರೆಯುವುದಿಲ್ಲ.

ಆದರೂ ಸುಮ್ಮನಿದ್ದೇ ಬಿಡುತ್ತಿದ್ದೆನೋ ಏನೋ, ಲಿಂಬರ್ ಬರದಿದ್ದರೆ. ಈ ವರ್ಷ ಸೆಲ್ಸಾಳನ್ನು ದೊಡ್ಡ ಸಂತೆಯ ಹತ್ತಿರ ಬ್ರೆಡ್ಡು ಮಾಡುವ ತರಬೇತಿಗೆ ಕಳಿಸುತ್ತಿದ್ದರು. ಹದಿನೆಂಟು ತುಂಬಿದ ದಿನ ನಮ್ಮಲ್ಲಿಂದ ಹೊರಡಲೇಬೇಕು, ಅದಕ್ಕೆ ಮುಂಚೆ ಒಂದು ಕಸುಬು ಕಲಿಸಬೇಕು. ಲಿಂಬರ್ ಆ ದಾರಿಯಲ್ಲಿ ಟ್ರುಫಿ ಓಡಿಸುತ್ತಾನೆ, ಆರು ಜನ ಕೂರುವ ಬಾಡಿಗೆ ಕಾರು. ಇಪ್ಪತ್ತೇಳು ವರ್ಷ. ದಿನಾ ಸೆಲ್ಸಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದುಬಿಡುತ್ತಾನೆ ಎಂದು ಗೊತ್ತಾದಾಗ ಜೂನ್ ಮುಗಿಯುತ್ತ ಬಂದಿತ್ತು. ವಿಚಾರಿಸಿದೆ. ಮೊದಲೇ ಒಬ್ಬ ಹುಡುಗಿಗೆ ಮಗು ಕೊಟ್ಟು ಕೈಬಿಟ್ಟವನು ಎಂದು ಸಂತೆಯಲ್ಲಿ ಬ್ರೆಡ್ಡು ಮಾರುವವರೆಲ್ಲ ಬಲ್ಲರು.

ಅವನ ಸಹವಾಸ ಬೇಡ ಎಂದು ಸೆಲ್ಸಾಗೆ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ನಕ್ಕಳು, ಬಾಯಿಗೆ ಕೈ ಅಡ್ಡ ಇಡದೆ. "ಅವ್ನು ನನ್ನ ಜಾಣೆ ಅಂತಾನೆ ಚಿಕ್ಕಮ್ಮ. ಎಷ್ಟು ಬೇಗ ಚಿಲ್ಲರೆ ಲೆಕ್ಕ ಹಾಕ್ತೀಯ ಅಂತಾನೆ. ನಂಗೆ ಯಾರೂ ಹಂಗಂದಿರ್ಲಿಲ್ಲ."

ಹನ್ನೆರಡು ವರ್ಷ ನಾನು ಬಚ್ಚಿಟ್ಟ ನಿಜವನ್ನು ಆ ಪೋಲಿ ಎರಡು ದಿನದಲ್ಲಿ ಹೇಳಿ ಹುಡುಗಿಯನ್ನು ಗೆದ್ದುಕೊಂಡಿದ್ದ. ಹದಿನಾರಕ್ಕೆ ಆಸೆ ಪೂರ್ತಿ ಬೆಳೆದಿರುತ್ತದೆ, ನಾಳೆಯ ಯೋಚನೆ ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೇ ಆ ವಯಸ್ಸಿನ ಬೆನ್ನಿಗೆ ದೊಡ್ಡವರೊಬ್ಬರು ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಇವಳಿಗೆ ಹದಿನಾರೇ. ಹದಿನಾರು ಎಂದು ಕಾಗದ ಹೇಳಿದರೆ ಇನ್ನೆರಡು ವರ್ಷ ಆಶ್ರಮ ಬಿಡಬೇಕಾಗಿಲ್ಲ, ಅವಳನ್ನು ಕಾರು ಹತ್ತಿಸಿಕೊಂಡು ಹೋಗುವ ಧೈರ್ಯ ಲಿಂಬರನಿಗೂ ಬರುವುದಿಲ್ಲ. ಹದಿನೆಂಟು ಎಂದರೆ ಕೇಳುವವರೇ ಇಲ್ಲ.

ಮರುದಿನ ಕಚೇರಿಗೆ ಹೋಗಿ ದೋನ್ಯಾ ಎರ್ಲಿಂದಾ ಮತ್ತು ನೈದಾ ಮೇಡಂ ಇಬ್ಬರ ಎದುರಿಗೂ ಎಲ್ಲ ಹೇಳಿದೆ. ಡಾಕ್ಟರಿಗೆ ಹೇಳಿದ ಸುಳ್ಳು, ಮಾವನ ಮಾತು ನುಂಗಿದ್ದು, ಚುಕ್ಕಿಗಳು, ಎಲ್ಲ. ನೈದಾ ಮೇಡಂ ಮುಖ ಬಿಳಿಚಿಕೊಂಡಿತು. ಸೆಲ್ಸಾಳ ಬಗ್ಗೆ ಆರು ವರ್ಷದಿಂದ ವರದಿ ಬರೆದವಳು ಅವಳು. ಇಷ್ಟು ವರ್ಷ ಒಡನಾಡಿದ ಮಗುವನ್ನು ಬಿಟ್ಟುಕೊಡಲು ಮನಸ್ಸು ಬರದೆ ಚಿಕ್ಕಮ್ಮಂದಿರು ಇಂಥ ಕಥೆ ಕಟ್ಟುವುದುಂಟು, ಅದಕ್ಕೊಂದು ಹೆಸರೂ ಇದೆ ಎಂದಳು. ದೋನ್ಯಾ ಎರ್ಲಿಂದಾ ಎದ್ದು ಬಾಗಿಲು ಹಾಕಿ ಬಂದು, ನನಗೆ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಕೇಳಿದರು. ನಾಲ್ಕು ಎಂದೆ.

"ಮತ್ತೆ ಯಾಕೆ ಬೇಕಿತ್ತು ನಿಂಗೆ ಇದು?" ಎಂದರು.

ನಾನು ಜಗ್ಗಲಿಲ್ಲ. ಅವಳ ಎಲುಬು ನೋಡಿಸಿ, ಎಲುಬು ಸುಳ್ಳು ಹೇಳುವುದಿಲ್ಲ ಎಂದು ಹಟ ಹಿಡಿದೆ. ಕೊನೆಗೆ ಒಪ್ಪಿದರು. ಕೈಯ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು, ಹಾಗೆ ತೆಗೆದರೆ ವಯಸ್ಸು ತಿಳಿಯುತ್ತದೆ. ಅದರ ಜೊತೆಗೆ ಕಡತದ ಸಾರಾಂಶವೂ ಡಾಕ್ಟರಿಗೆ ಹೋಯಿತು. ಹತ್ತು ದಿನಕ್ಕೆ ಉತ್ತರ ಬಂತು. ನೈದಾ ಮೇಡಂ ಅದನ್ನು ನನಗೆ ಓದಿ ಹೇಳಿದಳು, ದನಿಯಲ್ಲಿ ಎಷ್ಟೋ ದಿನದ ಮೇಲೆ ಉಸಿರು ಬಂದಂತಿತ್ತು. ಎಲುಬಿನ ವಯಸ್ಸು ಹದಿನಾರು. ಹುಡುಗಿಯ ವಯಸ್ಸು ಹದಿನೆಂಟಕ್ಕೆ ಹತ್ತಿರ. ಎಲುಬು ಎರಡು ವರ್ಷ ಹಿಂದೆ ಬಿದ್ದಿರುವುದು ಈಗಾಗಲೇ ಗುರುತಿಸಿರುವ ಕುಂಠಿತ ಬೆಳವಣಿಗೆಗೆ ಹೊಂದಿಕೆಯಾಗುತ್ತದೆ.

ಎಲುಬನ್ನೂ ದಡ್ಡ ಮಾಡಿಬಿಟ್ಟರು. ನನಗೆ ನಗು ಬಂತು, ಅಸಹ್ಯವಾದ ನಗು. ನಾನೊಬ್ಬಳೇ ನ್ಯಾಯಾಲಯಕ್ಕೆ ಹೋಗಿ ನನ್ನ ಹೇಳಿಕೆ ಬರೆದುಕೊಟ್ಟೆ. ಗುಮಾಸ್ತ ಅದರ ಮೇಲೆ ಮೂರು ಕಡೆ ಮುದ್ರೆ ಒತ್ತಿ, ಏಪ್ರಿಲ್ ತಿಂಗಳಿಗೆ ದಿನ ಕೊಟ್ಟ. ಅಷ್ಟು ಹೊತ್ತಿಗೆ ಅವಳು ಹೊರಗೆ ಹೋಗಿ ಏಳು ತಿಂಗಳಾಗಿರುತ್ತದೆ ಎಂದೆ. ಬರುವಾಗ ಹುಡುಗಿಯನ್ನೂ ಕರೆದುಕೊಂಡು ಬನ್ನಿ ಎಂದ.

ಇನ್ನು ಉಳಿದದ್ದು ಸೆಲ್ಸಾಗೆ ಹೇಳುವುದು. ಸೆಪ್ಟೆಂಬರಿನ ಮೊದಲ ವಾರ, ಅಂಗಳದಲ್ಲಿ ಇಬ್ಬರೂ ಹೊದಿಕೆ ಹಿಂಡುತ್ತಿದ್ದೆವು, ಆ ತುದಿ ಅವಳು, ಈ ತುದಿ ನಾನು. ನಿನಗೆ ಹದಿನೆಂಟಲ್ಲ, ಹದಿನಾರು ಎಂದೆ. ಅಕ್ಕನ ಜೊತೆ ಇರಲಿ ಎಂದು ಹಾಗೆ ಬರೆಸಿದೆ ಎಂದೆ. ನೀನು ದಡ್ಡಿಯಲ್ಲ, ಯಾವತ್ತೂ ಆಗಿರಲಿಲ್ಲ, ನಿನ್ನನ್ನು ನಿನಗಿಂತ ಎರಡು ವರ್ಷ ದೊಡ್ಡವರ ಜೊತೆ ಓಡಿಸಿದೆವು ಎಂದೆ. ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದೆಲ್ಲ ಎಣಿಸಿದ್ದೆ. ಅವಳು ಹೊದಿಕೆಯ ತುದಿ ಬಿಡಲಿಲ್ಲ.

"ನಿಮಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ."

"ಟೀಚರು ಮೊಣಕಾಲೂರಿಸ್ತಿದ್ರಲ್ಲ, ಆವಾಗ?"

"ಗೊತ್ತಿತ್ತು."

"ಗೊಂಬೆ ಕಿತ್ಕೊಂಡ್ರಿ."

"ಹೂಂ."

"ಆ ಮಾತ್ರೆ ಕೊಡೋವಾಗ?"

ನಾನು ತಲೆಯಾಡಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಅಂಗಡಿ ಹಲಗೆಗಳನ್ನು ಓದುತ್ತಿದ್ದಾಗ ಹೀಗೇ ಹುಬ್ಬು ಗಂಟಿಕ್ಕುತ್ತಿದ್ದಳು.

"ದಿನಾ ನಿಮ್ಮೆದುರಿಗೇ ನಂಗೆ ತಲೆ ಓಡಲ್ಲ ಅಂತಿದ್ದೆ," ಎಂದಳು. "ನೀವು ಆಲೂಗೆಡ್ಡೆ ಸುಲೀತಾ ಕೇಳಿಸ್ಕೋತಿದ್ರಿ."

ಆಮೇಲೆ ನಾನು ಏನೇನೋ ಹೇಳಿದೆ. ನನ್ನ ಬಾಡಿಗೆ ಕೋಣೆಗೆ ಬಂದುಬಿಡು, ಎರಡು ವರ್ಷ ನನ್ನ ಜೊತೆ ಇರು, ನಿಂತುಹೋದ ಓದು ಮುಂದುವರಿಸೋಣ, ಏಪ್ರಿಲ್ಲಿನಲ್ಲಿ ನ್ಯಾಯಾಲಯದಲ್ಲಿ ಎಲ್ಲ ಸರಿಮಾಡಿಸೋಣ, ಆ ಲಿಂಬರನ ಕಾರು ಮಾತ್ರ ಹತ್ತಬೇಡ ಎಂದು ಬೇಡಿಕೊಂಡೆ. ಎಲ್ಲ ಕೇಳಿಸಿಕೊಂಡಳು. ಯೋಚನೆ ಮಾಡುತ್ತೇನೆ ಎಂದಳು. ಹೊದಿಕೆಯನ್ನು ಹಗ್ಗದ ಮೇಲೆ ಹರವಿ, ಸುಕ್ಕು ತೀಡಿ, ಒಳಗೆ ಹೋದಳು. ಅಂದಿನಿಂದ ಅಡಿಗೆಮನೆಯಲ್ಲಿ ನನ್ನ ಪಕ್ಕ ನಿಲ್ಲಲಿಲ್ಲ. ತಲೆ ಓಡಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಅದೊಂದೇ ನಾನು ಅವಳಿಗೆ ಮಾಡಿದ ಉಪಕಾರ.

ಹದಿನಾಲ್ಕನೇ ತಾರೀಖು ಬಂತು. ಬೆಳಿಗ್ಗೆ ಕೇಕು ಕತ್ತರಿಸಿ, ಹಾಡು ಹೇಳಿ, ಹೊರಡುವ ಇಬ್ಬರು ಹುಡುಗಿಯರಿಗೆ ಒಂದೊಂದು ಕಂಬಳಿ, ಒಂದೊಂದು ಪಾತ್ರೆ ಸೆಟ್ಟು ಕೊಟ್ಟರು. ದೋನ್ಯಾ ಎರ್ಲಿಂದಾ ಇಬ್ಬರ ಹಣೆಗೂ ಮುತ್ತಿಟ್ಟು ಇನ್ನು ನೀವು ದೊಡ್ಡವರು ಎಂದರು. ಹನ್ನೊಂದು ಗಂಟೆಗೆ ಸೆಲ್ಸಾ ಚೀಲ ಹಿಡಿದು ಗೇಟಿನ ಹತ್ತಿರ ಬಂದಳು. ನನ್ನ ಕೋಣೆಯನ್ನು ಗುಡಿಸಿ, ಮಂಚಕ್ಕೆ ಹೊಸ ದಿಂಬು ತಂದಿಟ್ಟು, ಆ ದಿನ ಅರ್ಧ ರಜೆ ಹಾಕಿ ಅವಳಿಗಾಗಿ ಕಾಯುತ್ತಿದ್ದೆ. ಹೊರಗೆ ಲಿಂಬರನ ಟ್ರುಫಿ ನಿಂತಿತ್ತು, ಮುಂದಿನ ಬಾಗಿಲು ತೆರೆದಿತ್ತು. ಅವನು ಇಳಿದು ಬರಲೂ ಇಲ್ಲ, ಹಾಡು ಹಾಕಿಕೊಂಡು ಸ್ಟಿಯರಿಂಗಿನ ಮೇಲೆ ಬೆರಳಾಡಿಸುತ್ತಿದ್ದ.

ನಾನು ಅವಳ ತೋಳು ಹಿಡಿದೆ. "ಬೇಡ ಮಗಳೇ. ನಿಂಗಿನ್ನೂ ಹದಿನಾರು."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೋಪವಿರಲಿಲ್ಲ, ಅದೇ ನನಗೆ ಇನ್ನೂ ಚುಚ್ಚುವುದು. "ಹದಿನಾರಾಗಿದ್ರೆ ನೀವು ಹೇಳ್ದಂಗೆ ಕೇಳ್ಬೇಕಿತ್ತು ಚಿಕ್ಕಮ್ಮ," ಎಂದಳು. "ಕಾಗದದಲ್ಲಿ ಹದಿನೆಂಟು. ನೀವೇ ಬರೆಸಿದ್ದು."

ಕಾರಿನ ಬಾಗಿಲು ಹಾಕಿಕೊಂಡಿತು, ತಿರುವಿನಲ್ಲಿ ಧೂಳೆದ್ದಿತು, ಹೋದಳು. ನಾನು ಗೇಟಿನ ಕಂಬಿ ಹಿಡಿದು ಎಷ್ಟು ಹೊತ್ತು ನಿಂತೆನೋ. ಕಾವಲಿನ ದೋನ್ ಸತುರ್ನೀನೋ ಪಾಪ ಎರಡು ಸಲ ಕೆಮ್ಮಿ, ನಿರ್ಗಮನದ ಪುಸ್ತಕವನ್ನು ನನ್ನ ಮುಂದಕ್ಕೆ ಸರಿಸಿದ. ಹುಡುಗಿಯನ್ನು ಸಾಕಿದ ಚಿಕ್ಕಮ್ಮನೇ ಅದನ್ನು ತುಂಬಬೇಕು, ಇಲ್ಲದಿದ್ದರೆ ಅವನು ಗೇಟು ಹಾಕುವಂತಿಲ್ಲ. ಹೆಸರು ಬರೆದೆ. ತಾರೀಖು ಬರೆದೆ. ವಯಸ್ಸು ಎನ್ನುವ ಕಡೆ ಪೆನ್ನು ನಿಂತಿತು.

"ಹದಿನೆಂಟು ಅಂತ ಹಾಕಮ್ಮ," ಎಂದ ಅವನು. "ಬೇರೆ ಏನು ಹಾಕಿದ್ರೂ ವಾಪಸ್ ಕಳಿಸ್ತಾರೆ."

ಹದಿನೆಂಟು ಎಂದು ಬರೆದು ಸಹಿ ಹಾಕಿದೆ.